ಕಾಗದದ ಬಿಲ್ಲಿನಿಂದ ಹೊಸ ಹಣಕಾಸು ವ್ಯವಸ್ಥೆಗೆ: ಕೊಡಗಿನ ಕಚೇರಿಗಳಲ್ಲಿ ನನ್ನ ಅನುಭವ

ನಾನು ವಿಶ್ವವಿದ್ಯಾಲಯದ ಹಣಕಾಸು ವಿಭಾಗದಲ್ಲಿದ್ದೇನೆ. ಬಿಲ್ಲು, ಮುಂಗಡ, ಪ್ರಯಾಣ ಭತ್ಯೆಗಳ ವ್ಯವಹಾರವೆಲ್ಲ ಕಾಗದದ ಕಡತದಿಂದ ಗಣಕೀಕೃತ ವ್ಯವಸ್ಥೆಗೆ ಬದಲಾಗುವಾಗ, ಕೊಡಗಿನ ಕಾಲೇಜು ಮತ್ತು ಕೇಂದ್ರಗಳ ಸಿಬ್ಬಂದಿಯನ್ನು ಅದಕ್ಕೆ ಅಣಿಗೊಳಿಸುವ ಹೊಣೆ ನನ್ನ ಮೇಲೆ ಬಿತ್ತು. ಕುಶಾಲನಗರ, ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆಗಳ ಕಡೆ ಹರಡಿಕೊಂಡಿರುವ ಈ ಕಚೇರಿಗಳಲ್ಲಿ ದ್ವಿತೀಯ ದರ್ಜೆ ಸಹಾಯಕರಿಂದ ಪ್ರಾಂಶುಪಾಲರವರೆಗೆ ಎಲ್ಲರೂ ಹೊಸ ವ್ಯವಸ್ಥೆಯನ್ನು ಬಳಸಬೇಕಾದವರೇ. ತರಬೇತಿ ಎಂದರೆ ತಂತ್ರಾಂಶದ ಪರದೆಗಳನ್ನು ಒಂದೊಂದಾಗಿ ತೋರಿಸುವುದು ಎಂದು ಸಾಮಾನ್ಯವಾಗಿ ಭಾವಿಸುತ್ತಾರೆ. ಆದರೆ ಪರದೆ ತೋರಿಸುವ ಕೆಲಸ ಕೊನೆಗೆ ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಮೊದಲು ಯಾರ ಹೊಣೆ ಎಲ್ಲಿಯವರೆಗೆ ಎಂಬುದು ಬರವಣಿಗೆಯಲ್ಲಿ ಇತ್ಯರ್ಥವಾಗಬೇಕು, ಮತ್ತು ಹೆಸರು, ಖಾತೆಗಳ ವಿವರ ಸರಿಯಾಗಬೇಕು.

ಕಾಗದದ ಕಡತದಲ್ಲಿ ವಿಷಯ ನಿರ್ವಾಹಕರು ಟಿಪ್ಪಣಿ ಬರೆದು ಮಂಡಿಸುತ್ತಾರೆ, ಅಧೀಕ್ಷಕರು ಕಿರುಸಹಿ ಹಾಕುತ್ತಾರೆ, ಕಡತ ಮೇಲಕ್ಕೆ ಹೋಗುತ್ತದೆ, ಏನಾದರೂ ಕೊರತೆ ಕಂಡರೆ ಆಕ್ಷೇಪಣೆಯೊಂದಿಗೆ ಕೆಳಗಿಳಿದು ಬಂದು ಸರಿಯಾಗಿ ಮತ್ತೆ ಏರುತ್ತದೆ. ಹೊಸ ವ್ಯವಸ್ಥೆಯಲ್ಲಿಯೂ ಇದೇ ಮೂರು ಹಂತಗಳಿವೆ. ವ್ಯತ್ಯಾಸವೇನೆಂದರೆ, ಯಾರು ನಮೂದಿಸಿದರು, ಯಾರು ಪರಿಶೀಲಿಸಿದರು, ಯಾರು ಅನುಮೋದಿಸಿದರು ಎಂಬುದು ಗಂಟೆ ನಿಮಿಷದ ಸಮೇತ ದಾಖಲಾಗಿ ಉಳಿಯುತ್ತದೆ. ನಿವೃತ್ತಿಗೆ ಹತ್ತಿರವಾಗಿದ್ದ ಅಧೀಕ್ಷಕರೊಬ್ಬರು ಮೊದಲ ಸಭೆಯಲ್ಲಿಯೇ ಎದ್ದು ನಿಂತು, "ಸರ್, ನಾನು ಬಟನ್ ಒತ್ತಿದ ಮೇಲೆ ತಪ್ಪು ಸಿಕ್ಕಿದರೆ ಆಡಿಟ್‌ನವರು ನನ್ನ ಪೆನ್ಷನ್ ಹಿಡಿಯುತ್ತಾರಾ?" ಎಂದು ಕೇಳಿದರು. ಕಂಪ್ಯೂಟರ್ ಬಾರದ ಹಿಂಜರಿಕೆ ಎಂದು ಮೇಲಿನವರು ಹೇಳುತ್ತಿದ್ದುದರ ಹಿಂದೆ ಇದ್ದದ್ದು ಈ ಆತಂಕ. ತಿಂಗಳು ತಿಂಗಳೂ ಮೊಬೈಲಿನಲ್ಲಿ ವಿದ್ಯುತ್ ಬಿಲ್ಲು ಕಟ್ಟುವ ಮನುಷ್ಯನಿಗೆ ಪರದೆ ಕಂಡರೆ ಭಯವಿರಲಾರದು.

ಆದ್ದರಿಂದ ಪ್ರತಿಯೊಂದು ಪಾತ್ರಕ್ಕೂ ಒಂದೊಂದು ಪುಟದ ಹೊಣೆಪತ್ರವನ್ನು ಕನ್ನಡದಲ್ಲಿ ಸಿದ್ಧಪಡಿಸಿದೆ. ನಮೂದಿಸುವವರು ವೋಚರಿನ ಮೊತ್ತಕ್ಕೂ ಪರದೆಯ ಮೊತ್ತಕ್ಕೂ ತಾಳೆಯಿದೆ, ಲೆಕ್ಕ ಶೀರ್ಷಿಕೆ (ವೆಚ್ಚವನ್ನು ಯಾವ ಬಾಬಿಗೆ ಹಾಕಬೇಕೆಂಬುದು) ಸರಿಯಿದೆ, ಲಗತ್ತಿಸಿದ ಪ್ರತಿ ಓದಲು ಬರುತ್ತದೆ ಎಂಬುದಕ್ಕೆ ಮಾತ್ರ ಜವಾಬ್ದಾರರು. ಪರಿಶೀಲಿಸುವವರು ನಿಯಮದಂತೆ ಅರ್ಹತೆ ಇದೆಯೇ, ಆಯವ್ಯಯದಲ್ಲಿ ಅವಕಾಶವಿದೆಯೇ, 2.5 ಲಕ್ಷ ರೂಪಾಯಿ ಮೀರಿದ ಗುತ್ತಿಗೆಯಾದರೆ ಜಿ.ಎಸ್.ಟಿ. ಕಾಯ್ದೆಯಡಿ ಮೂಲದಲ್ಲಿಯೇ ಕಡಿತ ಮಾಡಬೇಕಾದ ಶೇ. 2ರಷ್ಟು ಮೊತ್ತ ಬಂದಿದೆಯೇ ಎಂಬುದನ್ನು ನೋಡಬೇಕು. ವೆಚ್ಚದ ಅಗತ್ಯ ಮತ್ತು ಮಂಜೂರಾತಿಯ ಅಧಿಕಾರ ಅನುಮೋದಿಸುವವರದು. ಇಷ್ಟನ್ನು ಹಣಕಾಸು ಅಧಿಕಾರಿಗಳ ಸಹಿಯೊಂದಿಗೆ ಸುತ್ತೋಲೆಯಾಗಿ ಹೊರಡಿಸಿದ ನಂತರವೇ ತರಬೇತಿಯ ದಿನಾಂಕ ತಿಳಿಸಿದೆವು. ನಾನು ಬಾಯಿಮಾತಿನಲ್ಲಿ ಕೊಟ್ಟ ಧೈರ್ಯಕ್ಕಿಂತ ಆ ಒಂದು ಸುತ್ತೋಲೆ ಹೆಚ್ಚು ಕೆಲಸ ಮಾಡಿತು. ಸರ್ಕಾರಿ ಕಚೇರಿಯಲ್ಲಿ ಬರವಣಿಗೆಗೆ ಇರುವ ಬೆಲೆ ಮಾತಿಗಿಲ್ಲ, ಇರಬೇಕಾದದ್ದೂ ಹಾಗೆಯೇ.

ಅದೇ ಸುತ್ತೋಲೆಯಲ್ಲಿ ಪಾಸ್‌ವರ್ಡಿನ ವಿಷಯವನ್ನೂ ಸೇರಿಸಿದೆವು. ಮುಖ್ಯಸ್ಥರು ತಮ್ಮ ಪಾಸ್‌ವರ್ಡನ್ನೂ ಡಿಜಿಟಲ್ ಸಹಿಯ ಟೋಕನ್ನನ್ನೂ (ಪೆನ್‌ಡ್ರೈವಿನಂಥ ಸಾಧನ) ನಂಬಿಕೆಯ ಗುಮಾಸ್ತರ ಕೈಗೆ ಕೊಟ್ಟು ಪಾಠಕ್ಕೆ ಹೋಗುವ ರೂಢಿ ಎಲ್ಲ ಕಡೆ ಇದೆ. ಅದರಲ್ಲಿ ಕೆಟ್ಟ ಉದ್ದೇಶವಿರುವುದಿಲ್ಲ, ಆದರೆ ನಮೂದಿಸುವವರೇ ಅನುಮೋದಿಸಿದಂತಾಗಿ ಮೂರು ಹಂತಗಳ ರಕ್ಷಣೆ ಒಂದೇ ಏಟಿಗೆ ಕುಸಿಯುತ್ತದೆ. ಪ್ರಾಂಶುಪಾಲರನ್ನು ಪ್ರತ್ಯೇಕವಾಗಿ ಕೂರಿಸಿ, ರಜೆಯಲ್ಲಿ ಹೋಗುವಾಗ ಪ್ರಭಾರವನ್ನು ವ್ಯವಸ್ಥೆಯೊಳಗೇ ಮತ್ತೊಬ್ಬರ ಹೆಸರಿಗೆ ವರ್ಗಾಯಿಸುವುದು ಹೇಗೆ ಎಂಬುದನ್ನು ಅವರ ಕೈಯಿಂದಲೇ ಮಾಡಿಸಿದೆ. ಹಿರಿಯರಿಗೆ ಕಿರಿಯರ ಮುಂದೆ ಕಲಿಯುವುದು ಮುಜುಗರ, ಆದ್ದರಿಂದ ಅವರ ತರಬೇತಿಯನ್ನು ಬೇರೆಯಾಗಿಯೇ ಇಡಬೇಕು.

ಇನ್ನು ಹೆಸರುಗಳ ಕೆಲಸ. ಇದು ಬೇಸರದ ಕೆಲಸವೆಂದು ಯಾರೂ ಮುಟ್ಟುವುದಿಲ್ಲ, ಆದರೆ ಪಾವತಿ ನಿಲ್ಲುವುದು ಹೆಚ್ಚಾಗಿ ಇಲ್ಲಿಯೇ. ಕೊಡಗಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಸೇವಾ ಪುಸ್ತಕದಲ್ಲಿ ಅದು ಪೂರ್ತಿಯಾಗಿ, ಪ್ಯಾನ್ ಕಾರ್ಡಿನಲ್ಲಿ ಕೊನೆಯ ಹೆಸರಾಗಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರೀ ಒಂದು ಇನಿಷಿಯಲ್ ಆಗಿ ಇರುವುದು ಸಾಮಾನ್ಯ, ಮದುವೆಯಾದ ಮೇಲೆ ಮನೆತನದ ಹೆಸರು ಬದಲಾದ ಮಹಿಳಾ ಸಿಬ್ಬಂದಿಯದಂತೂ ನಾಲ್ಕು ದಾಖಲೆಗಳಲ್ಲಿ ನಾಲ್ಕು ರೂಪ. ಕಾಗದದ ಚೆಕ್ಕು ಕೊಡುವ ಕಾಲದಲ್ಲಿ ಎದುರಿಗಿರುವ ಮನುಷ್ಯನ ಮುಖ ನೋಡಿ ಸರಿಹೋಗುತ್ತಿದ್ದ ಈ ವ್ಯತ್ಯಾಸವನ್ನು ಗಣಕ ಒಪ್ಪುವುದಿಲ್ಲ.

ಬ್ಯಾಂಕಿನ ಸಂಕೇತಗಳ ಕಥೆಯೂ ಇಂಥದ್ದೇ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು, ಅವುಗಳೊಂದಿಗೆ ಬ್ಯಾಂಕು ಶಾಖೆಯನ್ನು ಗುರುತಿಸುವ ಹಳೆಯ ಐ.ಎಫ್.ಎಸ್.ಸಿ. ಸಂಕೇತಗಳೂ ಹೋದವು. ನಮ್ಮ ಸರಬರಾಜುದಾರರ ಹಳೆಯ ಪಟ್ಟಿಯಲ್ಲಿ ಆ ಸಂಕೇತಗಳು ಹಾಗೆಯೇ ಕುಳಿತಿದ್ದವು. ಜೊತೆಗೆ, ಹನ್ನೊಂದು ಅಕ್ಷರಗಳ ಈ ಸಂಕೇತದಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಆದರೆ ಕೈಬರಹದ ಅರ್ಜಿ ನೋಡಿ ಟೈಪಿಸುವಾಗ ಅದು ಇಂಗ್ಲಿಷಿನ 'ಓ' ಅಕ್ಷರವಾಗಿಬಿಡುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಹಣ ಮಾತ್ರ ಜಮೆಯಾಗದೆ ವಾಪಸಾಗುತ್ತದೆ. ಪ್ರತಿ ಕಚೇರಿಗೂ ಅವರವರ ಪಟ್ಟಿಯನ್ನೇ ಕಳುಹಿಸಿ, ಪಾಸ್‌ಬುಕ್ಕಿನ ಮೊದಲ ಪುಟದೊಂದಿಗೆ ತಾಳೆ ನೋಡಿ ಸಹಿ ಹಾಕಿ ಹಿಂದಿರುಗಿಸುವಂತೆ ಕೇಳಿದೆವು. ವ್ಯವಸ್ಥೆಯನ್ನು ಇನ್ನೂ ಕಾಣದ ಸಿಬ್ಬಂದಿ ಈ ಕೆಲಸದ ಮೂಲಕವೇ ಅದರೊಳಗೆ ಬಂದರು. ತಾವೇ ಸರಿಪಡಿಸಿದ ಪಟ್ಟಿ ಪರದೆಯ ಮೇಲೆ ಕಂಡಾಗ ಅದು ಹೊರಗಿನವರು ಹೇರಿದ ವಸ್ತುವಾಗಿ ಉಳಿಯಲಿಲ್ಲ.

ಕಾಲ ನೋಡಿಕೊಳ್ಳುವುದೂ ಮುಖ್ಯ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು, ರಸ್ತೆಯ ಮೇಲೆ ಮರ ಬಿದ್ದರೆ ಜನರೂ ಬರಲಾರರು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕಾಫಿ ಕುಯಿಲು, ತೋಟವಿರುವ ಸಿಬ್ಬಂದಿ ರಜೆ ಉಳಿಸಿಕೊಂಡಿರುವುದೇ ಅದಕ್ಕಾಗಿ. ಹೀಗಾಗಿ ತರಬೇತಿಯ ಮೊದಲ ಸುತ್ತನ್ನು ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಮುಗಿದ ನಂತರ, ಅಕ್ಟೋಬರ್‌ನ ಕಾವೇರಿ ಸಂಕ್ರಮಣಕ್ಕೆ ಮೊದಲು ಮುಗಿಸಿದೆವು. ಎರಡನೆಯ ಸುತ್ತು ಕುಯಿಲು ಇಳಿದ ಮೇಲೆ, ಏಪ್ರಿಲ್ 1ಕ್ಕೆ ಸ್ವಲ್ಪವೇ ಮುಂಚೆ. ಹೊಸ ಆರ್ಥಿಕ ವರ್ಷದೊಂದಿಗೆ ಆರಂಭಿಸಿದರೆ ಆರಂಭಿಕ ಶಿಲ್ಕು (ವರ್ಷದ ಮೊದಲ ದಿನ ಲೆಕ್ಕದಲ್ಲಿರುವ ಬಾಕಿ) ಶುದ್ಧವಾಗಿರುತ್ತದೆ, ನಡುವರ್ಷದಲ್ಲಿ ಬದಲಾಯಿಸಿ ಎರಡು ಪುಸ್ತಕಗಳನ್ನು ಹೊಂದಿಸುತ್ತಾ ಕೂರುವ ಗೊಡವೆಯಿರುವುದಿಲ್ಲ.

ತಂತ್ರಾಂಶ ಕೊಟ್ಟ ಸಂಸ್ಥೆಯ ಪಾಠದಲ್ಲಿ ಉದಾಹರಣೆಗಳು ವಿಮಾನದ ಟಿಕೆಟು ಮತ್ತು ದೊಡ್ಡ ಹೋಟೆಲಿನ ಬಿಲ್ಲಿನವು. ನಮ್ಮವರ ಮೇಜಿಗೆ ಬರುವ ಬಿಲ್ಲುಗಳೇ ಬೇರೆ. ಹಾಗಾಗಿ ಅಭ್ಯಾಸಕ್ಕೆ ಅವರವರ ಕಚೇರಿಯಲ್ಲಿ ಈಗಾಗಲೇ ತೀರುವಳಿಯಾದ ಬಿಲ್ಲುಗಳನ್ನೇ ತರಲು ಹೇಳಿದೆ. ಅವುಗಳಲ್ಲಿ ನಾನು ಪ್ರತಿ ತಂಡಕ್ಕೂ ಮಾಡಿಸಿದ್ದು ಜೀಪಿನ ಬಿಲ್ಲು: ವಿದ್ಯಾರ್ಥಿಗಳನ್ನು ಕ್ಷೇತ್ರ ಅಧ್ಯಯನಕ್ಕೆ ಮಾಂದಲಪಟ್ಟಿಗೆ ಕರೆದೊಯ್ದ ಜೀಪಿನ ಚಾಲಕರು ಬಿಳಿ ಹಾಳೆಯ ಮೇಲೆ ಕೈಬರಹದಲ್ಲಿ ಕೊಟ್ಟ ರಸೀದಿ. ಅದಕ್ಕೆ ಬಿಲ್ ಸಂಖ್ಯೆ ಇಲ್ಲ, ಜಿ.ಎಸ್.ಟಿ. ಸಂಖ್ಯೆ ಇಲ್ಲ, ವ್ಯವಸ್ಥೆಯೋ ಎರಡನ್ನೂ ಕೇಳುತ್ತದೆ. ಚಾಲಕರನ್ನು ನೋಂದಣಿಯಿಲ್ಲದ ಸರಬರಾಜುದಾರರೆಂದು ಗುರುತಿಸುವುದು, ವಾಹನದ ಸಂಖ್ಯೆಯನ್ನು ವಿವರಣೆಯಲ್ಲಿ ಬರೆಯುವುದು, 5,000 ರೂಪಾಯಿ ಮೀರಿದ್ದರೆ ರೆವೆನ್ಯೂ ಸ್ಟಾಂಪಿನ ಮೇಲೆ ಸಹಿ ಇದೆಯೇ ಎಂದು ಸ್ಕ್ಯಾನ್ ಮಾಡುವ ಮೊದಲೇ ನೋಡುವುದು, ಮುಂಗಡ ಪಡೆದಿದ್ದರೆ ಈ ಬಿಲ್ಲನ್ನು ಆ ಮುಂಗಡದ ಎದುರೇ ಹೊಂದಾಣಿಕೆ ಮಾಡುವುದು, ಹೀಗೆ ಒಂದೇ ಬಿಲ್ಲಿನಲ್ಲಿ ಅರ್ಧ ವ್ಯವಸ್ಥೆ ಕಲಿತಂತಾಯಿತು. ಬಸ್ಸಿನ ಟಿಕೆಟಿನ ಮಾತು ಬಂದಾಗ ಮಾತ್ರ ಎಲ್ಲರ ಮುಖ ಅರಳಿತು. ಟಿಕೆಟ್ ಯಂತ್ರದ ಕಾಗದದಲ್ಲಿ ಅಕ್ಷರ ಬೇಗ ಮಾಸುತ್ತದೆ, ನಮ್ಮ ಮಳೆಗಾಲದ ತೇವದಲ್ಲಿ ಇಟ್ಟರೆ ಬಿಲ್ಲು ಹಾಕುವ ಹೊತ್ತಿಗೆ ಬರೀ ಬಿಳಿ ಚೀಟಿ. ಇಳಿದ ಕೂಡಲೇ ಮೊಬೈಲಿನಲ್ಲಿ ಫೋಟೋ ತೆಗೆದು ಸೇರಿಸಿಬಿಡಬಹುದು ಎಂದಾಗ, ಮೈಸೂರು, ಮಂಗಳೂರುಗಳಿಗೆ ಪದೇ ಪದೇ ಓಡಾಡುವ ಅಧ್ಯಾಪಕರು ಅಲ್ಲಿಯೇ ಮಾಡಿ ನೋಡಿದರು.

ಕನ್ನಡದಲ್ಲಿ ವಿವರಣೆ ಬರೆಯುವವರಿಗೆ ಒಂದು ತೊಡಕು ಎದುರಾಗುತ್ತದೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ ಟಿಪ್ಪಣಿಯನ್ನು ನಕಲು ಮಾಡಿ ಅಂಟಿಸಿದರೆ ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮೂಡುತ್ತವೆ. ಯೂನಿಕೋಡಿಗೆ ಪರಿವರ್ತಿಸಿ ಅಂಟಿಸಬೇಕು. ಇದನ್ನು ತೋರಿಸಲು ಸ್ವಲ್ಪವೇ ಹೊತ್ತು ಸಾಕು, ಆದರೆ ತೋರಿಸದಿದ್ದರೆ ಜನ ಕನ್ನಡವನ್ನೇ ಬಿಟ್ಟುಬಿಡುತ್ತಾರೆ. ಅದಾಗಬಾರದು ಎಂಬ ಹಠ ನನಗಿತ್ತು.

ಪ್ರತಿ ಕಚೇರಿಯಲ್ಲಿ ಸಂಶಯ ಬಂದಾಗ ಕೇಳಲು ಒಬ್ಬರು ಬೇಕು. ಕಂಪ್ಯೂಟರ್ ಚೆನ್ನಾಗಿ ಬಲ್ಲ ಹೊಸ ನೌಕರರನ್ನು ಆರಿಸುವಂತೆ ಸಲಹೆ ಬಂದರೂ, ಬಿಲ್ಲಿನ ವಿಷಯದಲ್ಲಿ ಉಳಿದವರು ಮೊದಲಿನಿಂದಲೂ ಯಾರನ್ನು ಕೇಳುತ್ತಾರೋ ಅವರನ್ನೇ ಆರಿಸಿದೆ. ಲೆಕ್ಕ ಶೀರ್ಷಿಕೆ ಗೊತ್ತಿರುವವರಿಗೆ ಪರದೆ ಕಲಿಸುವುದು ಸುಲಭ, ಪರದೆ ಗೊತ್ತಿರುವವರಿಗೆ ಲೆಕ್ಕ ಶೀರ್ಷಿಕೆ ಕಲಿಸಲು ವರ್ಷಗಳು ಬೇಕು. ಸಿಗ್ನಲ್ ಸರಿಯಿಲ್ಲದ ಕಡೆ ಓಟಿಪಿ ತಡವಾಗಿ ಬಂದು ಅವಧಿ ಮೀರುತ್ತಿತ್ತು. ಇಮೇಲ್‌ಗೂ ಓಟಿಪಿ ಬರುವಂತೆ ಮೊದಲೇ ಕೇಳಿ ಮಾಡಿಸಿಕೊಂಡೆವು.

ಕಾಗದ ಮತ್ತು ಗಣಕ ಎರಡನ್ನೂ ಬಹಳ ದಿನ ಜೊತೆಯಾಗಿ ನಡೆಸುವುದನ್ನು ನಾನು ಒಪ್ಪಲಿಲ್ಲ. ದುಪ್ಪಟ್ಟು ಕೆಲಸದ ಹೊರೆಯಲ್ಲಿ ಜನ ಗೊತ್ತಿರುವ ದಾರಿಗೇ ಹಿಂದಿರುಗುತ್ತಾರೆ. ಮಾರ್ಚ್ ಮೂರನೆಯ ವಾರದ ನಂತರ ಕಾಗದದ ಬಿಲ್ಲು ಸ್ವೀಕರಿಸುವುದಿಲ್ಲವೆಂದು ತಿಳಿಸಿ, ಅದರಂತೆಯೇ ನಡೆದುಕೊಂಡೆವು. ಏಪ್ರಿಲ್ ಪೂರ್ತಿ ನಮ್ಮ ವಿಭಾಗದವರು ಸರದಿಯಂತೆ ಕೇಂದ್ರಗಳಲ್ಲಿ ಕುಳಿತು, ತಿರಸ್ಕೃತವಾದ ಬಿಲ್ಲುಗಳನ್ನು ಸಲ್ಲಿಸಿದವರ ಪಕ್ಕದಲ್ಲಿಯೇ ತೆರೆದು, ಅವರ ಕೈಯಿಂದಲೇ ಸರಿಪಡಿಸಿದರು.

ಈಗ ಉಳಿದಿರುವುದು ಸಂಶೋಧನಾ ಯೋಜನೆಗಳ ಹಳೆಯ ಮುಂಗಡಗಳು. ಕೇಂದ್ರದ ಅನುದಾನಕ್ಕೆ ಸಾಮಾನ್ಯ ಹಣಕಾಸು ನಿಯಮಗಳ (ಜಿ.ಎಫ್.ಆರ್.) 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಕೊಡಬೇಕಾದರೆ ಅವು ಯೋಜನಾವಾರು ಹೊಂದಾಣಿಕೆಯಾಗಿರಬೇಕು. ಆದರೆ ಹಳೆಯ ರಿಜಿಸ್ಟರಿನಲ್ಲಿ ಅವು ಯೋಜನೆಯ ಬದಲು ಅಧ್ಯಾಪಕರ ಹೆಸರಿನಲ್ಲಿವೆ. ಪ್ರತಿ ಮುಂಗಡದ ಎದುರು ಯೋಜನೆಯ ಸಂಖ್ಯೆಯನ್ನು ಬರೆಸುವ ಕೆಲಸವನ್ನು, ಮಳೆ ಶುರುವಾಗುವ ಮೊದಲು ಪೊನ್ನಂಪೇಟೆ ಕಡೆಯಿಂದ ಆರಂಭಿಸುತ್ತಿದ್ದೇವೆ.