ಪ್ರಿಮಾಕ್ವಿನ್ ನುಂಗುವ ಮೊದಲು ಜಿ6ಪಿಡಿ ಪರೀಕ್ಷೆ
ವೈವಾಕ್ಸ್ ಮಲೇರಿಯಾ ಯಕೃತ್ತಿನಲ್ಲಿ ಅಡಗಿ ಕೂತು ಮರುಕಳಿಸುತ್ತದೆ. ಅದನ್ನು ಬೇರುಸಹಿತ ಕೀಳಲು ಸಾಮಾನ್ಯವಾಗಿ ಕೊಡುವುದು ದಿನಕ್ಕೆ ಕಿಲೋ ತೂಕಕ್ಕೆ 0.25 ಮಿ.ಗ್ರಾಂ. ಪ್ರಿಮಾಕ್ವಿನ್, 14 ದಿನ. ಆದರೆ ಮಲೇರಿಯಾ ತಲೆತಲಾಂತರದಿಂದ ಕಾಡಿದ ಆಫ್ರಿಕಾ, ಮೆಡಿಟರೇನಿಯನ್, ಏಷ್ಯಾದ ಜನರಲ್ಲಿ, ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹೆಚ್ಚು. ತೀವ್ರ ಮಲೇರಿಯಾದಿಂದ ಒಂದಿಷ್ಟು ಕಾಯುವ ಆ ಕೊರತೆಯೇ, ಈ ಮಾತ್ರೆ ಹೊಟ್ಟೆಗೆ ಬಿದ್ದಾಗ ಕೆಂಪು ರಕ್ತಕಣಗಳು ಒಡೆಯಲು ಕಾರಣವಾಗುತ್ತದೆ.

ಹಾಗಾಗಿ ಮೊದಲ ಮಾತ್ರೆಗೆ ಮುನ್ನವೇ ಈ ಕಿಣ್ವದ ರಕ್ತ ಪರೀಕ್ಷೆ ಮಾಡಿಸಿ. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ವೈದ್ಯರಿಗೆ ಹೇಳಿ; ದಾನಿಯ ಕಣಗಳಿಂದ ಕೊರತೆ ಮರೆಯಾಗಬಹುದು. ಈ ಕಿಣ್ವದ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ; ಹೆಂಗಸರಲ್ಲಿ ಅದು ಎರಡಿರುವುದರಿಂದ, ಒಂದರಲ್ಲಷ್ಟೇ ದೋಷವಿದ್ದು ಕೊರತೆ ಅರ್ಧವಾಗಿರಬಹುದು. ಇಂಥ ಅರ್ಧ ಕೊರತೆಯ ಹೆಂಗಸರು ಹೌದು-ಅಲ್ಲ ಎನ್ನುವ ಪರೀಕ್ಷೆಯಲ್ಲಿ ತಪ್ಪಿಹೋಗುತ್ತಾರೆ, ಅವರಿಗೆ ಕಿಣ್ವದ ಪ್ರಮಾಣ ಅಳೆಯುವ ಪರೀಕ್ಷೆಯೇ ಮೇಲು. ಗರ್ಭಿಣಿಯರಿಗೆ ಈ ಮಾತ್ರೆ ಬೇಡವೇ ಬೇಡ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ, ಕೂಡಲೇ ಆಸ್ಪತ್ರೆಗೆ ಹೋಗಿ.