ಕಿಟ್ ಗಿಟಾರಿನ ಮರ: ಉಜ್ಜುವುದರಿಂದ ಹೊಳಪಿನವರೆಗೆ

ಬಿಡಿಭಾಗಗಳಾಗಿ ಬರುವ ಎಲೆಕ್ಟ್ರಿಕ್ ಗಿಟಾರ್ ಕಿಟ್‌ನಲ್ಲಿ ಯಂತ್ರದಿಂದ ಆಗಬೇಕಾದ ಕೆಲಸ ಬಹುತೇಕ ಮುಗಿದಿರುತ್ತದೆ. ಬಾಡಿಯನ್ನು ಆಕಾರಕ್ಕೆ ಕತ್ತರಿಸಿ, ತಂತಿಯ ಕಂಪನ ಗ್ರಹಿಸುವ ಪಿಕಪ್‌ಗಳಿಗೆ ಗುಳಿ ತೋಡಿ, ನೆಕ್‌ಗೆ (ಗಿಟಾರಿನ ಉದ್ದನೆಯ ಕತ್ತು) ಸ್ವರಸ್ಥಾನದ ಲೋಹದ ಪಟ್ಟಿಗಳಾದ ಫ್ರೆಟ್‌ಗಳನ್ನು ಕೂರಿಸಿಯೇ ಕಳುಹಿಸಿರುತ್ತಾರೆ. ಕಟ್ಟುವವರ ಪಾಲಿಗೆ ಉಳಿಯುವ ದೊಡ್ಡ ಕೆಲಸವೆಂದರೆ ಮರದ ಮೇಲ್ಮೈ. ವಾದ್ಯ ಕಣ್ಣಿಗೆ ಹೇಗೆ ಕಾಣುತ್ತದೆ, ಕೈಗೆ ಹೇಗೆ ಒಗ್ಗುತ್ತದೆ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ. ಬಣ್ಣ ಬಳಿಯುವ ಆತುರ ಸಹಜ. ಆದರೆ ಪಾರದರ್ಶಕ ಲೇಪನವು ಕೆಳಗಿನ ಗೀರನ್ನು ಮುಚ್ಚುವ ಬದಲು ಇನ್ನಷ್ಟು ಎತ್ತಿ ತೋರಿಸುತ್ತದೆ. ಹಾಗಾಗಿ ಒಟ್ಟು ದುಡಿಮೆಯ ಅರ್ಧಕ್ಕಿಂತ ಹೆಚ್ಚು ಭಾಗ ಮೊದಲ ಲೇಪನಕ್ಕೆ ಮುಂಚೆಯೇ ಆಗಬೇಕು.

ಮೊದಲು ಬಣ್ಣವಿಲ್ಲದ ಜೋಡಣೆ

ಸ್ಯಾಂಡ್‌ಪೇಪರ್ ಕೈಗೆತ್ತಿಕೊಳ್ಳುವ ಮುನ್ನ ಇಡೀ ಗಿಟಾರನ್ನು ಒಮ್ಮೆ ಬರಿ ಮರದಲ್ಲಿಯೇ ಜೋಡಿಸಿ ನೋಡಬೇಕು. ನೆಕ್ಕನ್ನು ಅದರ ಗುಳಿಯಲ್ಲಿ ಕೂರಿಸಿ, ಎರಡು ಅಂಚಿನ ತಂತಿಗಳ ಜಾಗದಲ್ಲಿ ನಟ್‌ನಿಂದ (ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಬ್ರಿಡ್ಜ್‌ವರೆಗೆ (ಬಾಡಿಯ ಮೇಲೆ ತಂತಿಗಳನ್ನು ಹಿಡಿಯುವ ಭಾಗ) ದಾರ ಎಳೆದು ಕಟ್ಟಿದರೆ, ದಾರ ಮತ್ತು ಫ್ರೆಟ್‌ಬೋರ್ಡಿನ ಅಂಚಿನ ನಡುವಿನ ಅಂತರ ಎರಡೂ ಕಡೆ ಸಮನಾಗಿದೆಯೇ ಎಂಬುದು ಕೂಡಲೇ ಗೊತ್ತಾಗುತ್ತದೆ. ನಟ್‌ನಿಂದ ಹನ್ನೆರಡನೆಯ ಫ್ರೆಟ್‌ವರೆಗಿನ ದೂರವನ್ನು ಎರಡರಿಂದ ಗುಣಿಸಿದರೆ ಸ್ಕೇಲ್ ಉದ್ದ, ಅಂದರೆ ತಂತಿಯ ಮಿಡಿಯುವ ಭಾಗದ ಉದ್ದ ಸಿಗುತ್ತದೆ. ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಮಾದರಿಯ ಗಿಟಾರಿನಲ್ಲಿ ಅದು 25.5 ಇಂಚು, ಅಂದರೆ ಸುಮಾರು 648 ಮಿಲಿಮೀಟರ್. ಶ್ರುತಿ ಸರಿಹೊಂದಿಸುವಾಗ ದಪ್ಪ ತಂತಿಗಳ ಸ್ಯಾಡಲ್‌ಗಳು (ಬ್ರಿಡ್ಜಿನ ಮೇಲೆ ತಂತಿ ಕೂರುವ ತುಂಡುಗಳು) ಈ ಉದ್ದದ ಗುರುತಿಗಿಂತ ಹಿಂದಕ್ಕೆ ಸರಿಯಬೇಕಾಗುತ್ತದೆ. ಅದಕ್ಕೆ ಬೇಕಾದಷ್ಟು ಜಾಗ ಉಳಿಯುವಂತೆ ಬ್ರಿಡ್ಜಿನ ಸ್ಥಾನ ಗುರುತಿಸಬೇಕು.

ಸ್ಕ್ರೂಗಳ ತೂತು, ಹೆಗಲ ಬೆಲ್ಟ್ ಸಿಕ್ಕಿಸುವ ಗುಂಡಿಯ ತೂತು, ತಂತಿ ಬಿಗಿಸುವ ಟ್ಯೂನರ್‌ಗಳ ಹಿಂಬದಿಯ ಸಣ್ಣ ತೂತುಗಳನ್ನೆಲ್ಲ ಈ ಹಂತದಲ್ಲೇ ಕೊರೆಯುವುದು ಒಳ್ಳೆಯದು. ಬರಿ ಮರದಲ್ಲಿ ಡ್ರಿಲ್ ಜಾರಿದರೆ ಉಜ್ಜಿ ಸರಿಪಡಿಸಬಹುದು, ಹೊಳಪು ಕೊಟ್ಟ ಮೇಲೆ ಜಾರಿದರೆ ದಾರಿಯಿಲ್ಲ. ಡ್ರಿಲ್ ಬಿಟ್ಟಿಗೆ ಬೇಕಾದ ಆಳದಲ್ಲಿ ಒಂದು ಸುತ್ತು ಟೇಪ್ ಅಂಟಿಸಿಕೊಂಡರೆ ಮರದ ಆಚೆ ಬದಿಗೆ ತೂತು ಬೀಳುವ ಭಯವಿರುವುದಿಲ್ಲ. ಹೆಡ್‌ಸ್ಟಾಕ್ (ಟ್ಯೂನರ್‌ಗಳು ಕೂರುವ ನೆಕ್‌ನ ತುದಿ) ಆಕಾರವಿಲ್ಲದ ಹಲಗೆಯಾಗಿ ಬಂದಿದ್ದರೆ ಅದನ್ನೂ ಈಗಲೇ ಕತ್ತರಿಸಬೇಕು. ನೆಕ್ಕನ್ನು ಸ್ಕ್ರೂ ಬದಲು ಅಂಟಿನಿಂದ ಕೂರಿಸುವ ಮಾದರಿಯಾಗಿದ್ದರೆ ಅಂಟುವ ಕೆಲಸ ಲೇಪನಕ್ಕೆ ಮೊದಲೇ ಮುಗಿಯಬೇಕು, ಏಕೆಂದರೆ ಮರದ ಅಂಟು ಹಿಡಿಯುವುದು ಬರಿ ಮರಕ್ಕೆ ಮಾತ್ರ.

ಮರವನ್ನು ಗುರುತಿಸಿಕೊಳ್ಳುವುದು

ಕಿಟ್‌ಗಳಲ್ಲಿ ಸಾಮಾನ್ಯವಾಗಿ ಬಾಸ್‌ವುಡ್, ಪಾಪ್ಲರ್, ಆಲ್ಡರ್, ಆ್ಯಶ್ ಅಥವಾ ಮಹಾಗನಿಯ ಬಾಡಿ ಇರುತ್ತದೆ. ನೆಕ್ ಹೆಚ್ಚಾಗಿ ಮೇಪಲ್. ಮೊದಲಿನ ಮೂರು ಮರಗಳ ರಂಧ್ರಗಳು ಸೂಕ್ಷ್ಮವಾದವು. ಆ್ಯಶ್ ಮತ್ತು ಮಹಾಗನಿಯ ರಂಧ್ರಗಳು ಬರಿಗಣ್ಣಿಗೇ ಸಣ್ಣ ಗೀಟುಗಳಂತೆ ಕಾಣುತ್ತವೆ, ಅವನ್ನು ತುಂಬದೆ ಹೋದರೆ ಕನ್ನಡಿಯಂಥ ಹೊಳಪು ಬರುವುದಿಲ್ಲ. 1954ರಲ್ಲಿ ಬಂದ ಸ್ಟ್ರಾಟೊಕಾಸ್ಟರಿಗೆ ಫೆಂಡರ್ ಕಂಪನಿ ಮೊದಲು ಬಳಸಿದ್ದು ಆ್ಯಶ್; 1956ರ ಹೊತ್ತಿಗೆ ಹೆಚ್ಚಿನ ಬಾಡಿಗಳಿಗೆ ಆಲ್ಡರ್ ಬಳಸತೊಡಗಿತು. ರಂಧ್ರ ತುಂಬುವ ಶ್ರಮ ಎಷ್ಟೆಂದು ಒಮ್ಮೆ ಮಾಡಿ ನೋಡಿದವರಿಗೆ ಆಲ್ಡರಿನ ಅನುಕೂಲವನ್ನು ವಿವರಿಸಬೇಕಾಗಿಲ್ಲ.

ಬಾಡಿಯ ಮುಖದ ಮೇಲೆ ಸುಂದರವಾದ ಮೇಪಲ್ ಕಾಣಿಸಿದರೆ ಅಂಚನ್ನು ಗಮನವಿಟ್ಟು ನೋಡಬೇಕು. ಕಡಿಮೆ ಬೆಲೆಯ ಕಿಟ್‌ಗಳಲ್ಲಿ ಅದು ಬಹುಮಟ್ಟಿಗೆ ಒಂದು ಮಿಲಿಮೀಟರಿಗಿಂತಲೂ ತೆಳುವಾದ, ಅಂಟಿಸಿದ ಮರದ ಹಾಳೆ (ವಿನೀರ್) ಆಗಿರುತ್ತದೆ. ಅದರ ಮೇಲೆ ಯಂತ್ರದ ಸ್ಯಾಂಡರ್ ಆಡಿಸಿದರೆ ಕೆಲವೇ ಕ್ಷಣಗಳಲ್ಲಿ ಕೆಳಗಿನ ಮರ ಇಣುಕುತ್ತದೆ. ವಿನೀರ್ ಇದ್ದಲ್ಲಿ ಕೈಯಿಂದ, 220 ಅಥವಾ 320ರ ಸ್ಯಾಂಡ್‌ಪೇಪರಿನಲ್ಲಿ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ), ಕೆಲವು ಹಗುರ ಎಳೆತ ಸಾಕು.

ಕಾರ್ಖಾನೆಯಲ್ಲೇ ತೆಳುವಾಗಿ ಸೀಲರ್ (ಮರದ ಹೀರುವಿಕೆ ತಡೆಯುವ ಲೇಪ) ಹೊಡೆದು ಕಳುಹಿಸುವುದೂ ಉಂಟು. ಇದನ್ನು ತಿಳಿಯಲು ಒಂದು ಹನಿ ನೀರು ಸಾಕು: ಹನಿ ಮಣಿಯಂತೆ ಮೇಲೆಯೇ ನಿಂತರೆ ಸೀಲರ್ ಇದೆ, ಮೆಲ್ಲಗೆ ಇಂಗಿ ಕಲೆಯಾದರೆ ಮರ ಬರಿದಾಗಿದೆ. ಸೀಲರ್ ಇದ್ದ ಮರ ಬಣ್ಣದ ದ್ರಾವಣವನ್ನು ಹೀರುವುದಿಲ್ಲ. ಮರವನ್ನು ಪೂರ್ತಿ ಮುಚ್ಚುವ ಗಟ್ಟಿ ಬಣ್ಣ ಹೊಡೆಯುವುದಾದರೆ ಅದು ತೊಂದರೆಯಲ್ಲ, ಮರದ ಎಳೆ ಕಾಣುವಂತೆ ಬಣ್ಣ ಹಾಕುವುದಾದರೆ ಸೀಲರ್ ಪೂರ್ತಿ ಹೋಗುವಂತೆ ಉಜ್ಜಬೇಕು. ಇನ್ನೊಂದು ಗುಪ್ತ ಶತ್ರು ಅಂಟಿನ ಕಲೆ. ವಿನೀರಿನ ಅಂಚಿನಲ್ಲಿ, ಎರಡು ಹಲಗೆ ಸೇರಿದ ಗೆರೆಯಲ್ಲಿ ಒಸರಿ ಒಣಗಿದ ಅಂಟು ಕಣ್ಣಿಗೆ ಬೀಳುವುದಿಲ್ಲ. ಮಿನರಲ್ ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಬಾಡಿಯನ್ನು ಒಮ್ಮೆ ಒರೆಸಿದರೆ ಮರವೆಲ್ಲ ಕಪ್ಪಾಗಿ, ಅಂಟಿರುವ ಜಾಗ ಮಾತ್ರ ಬಿಳಿಚಿ ಉಳಿಯುತ್ತದೆ. ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿಕೊಂಡು, ಒಣಗಿದ ಮೇಲೆ ಹೆರೆದು ತೆಗೆಯಬೇಕು.

ಉಜ್ಜುವ ಕೆಲಸ

ಯಂತ್ರದ ಗುರುತು ಎದ್ದು ಕಾಣುತ್ತಿದ್ದರೆ 120ರಿಂದ, ಇಲ್ಲವಾದರೆ 150ರಿಂದ ಆರಂಭಿಸಿ, 180, 220 ಎಂದು ಮುಂದುವರಿಯಬೇಕು. ಒಂದೊಂದು ಕಾಗದದ ಕೆಲಸವೂ ಹಿಂದಿನ ಕಾಗದದ ಗೀರನ್ನು ಅಳಿಸುವುದಷ್ಟೇ. ನಡುವೆ ಒಂದನ್ನು ಹಾರಿಸಿದರೆ ಆಳವಾದ ಗೀರು ಉಳಿದು, ಬಣ್ಣ ಬಿದ್ದ ಮೇಲೆ ಕಪ್ಪು ಗೆರೆಯಾಗಿ ಎದುರಿಗೆ ನಿಲ್ಲುತ್ತದೆ. ಚಪ್ಪಟೆ ಜಾಗದಲ್ಲಿ ಕಾಗದವನ್ನು ಮರದ ತುಂಡಿಗೋ ಕಾರ್ಕಿಗೋ ಸುತ್ತಿಯೇ ಉಜ್ಜಬೇಕು, ಬರಿಗೈಯಲ್ಲಿ ಉಜ್ಜಿದರೆ ಬೆರಳಿನ ಒತ್ತಡಕ್ಕೆ ಮೃದುವಾದ ಮರ ಅಲೆಯಲೆಯಾಗಿ ತಗ್ಗುತ್ತದೆ. ದಿಕ್ಕು ಯಾವಾಗಲೂ ಮರದ ಎಳೆಯ ಉದ್ದಕ್ಕೆ. ಸುತ್ತು ತಿರುಗುವ ಸ್ಯಾಂಡರ್ ಬಳಸಿದರೂ ಕೊನೆಯ ಕಾಗದವನ್ನು ಕೈಯಿಂದಲೇ ಎಳೆಯಬೇಕು, ಏಕೆಂದರೆ ಅದು ಬಿಡುವ ಸಣ್ಣ ಸುರುಳಿ ಗೀರುಗಳು ಬಣ್ಣದಲ್ಲಿ ಮಾತ್ರ ಬಯಲಾಗುತ್ತವೆ.

ಎಲ್ಲಿ ಉಜ್ಜಿದ್ದಾಯಿತು, ಎಲ್ಲಿ ಬಾಕಿ ಎಂದು ತಿಳಿಯಲು ಬಾಡಿಯ ಮೇಲೆಲ್ಲ ಪೆನ್ಸಿಲಿನಿಂದ ಹಗುರವಾಗಿ ಗೀಚಿಕೊಳ್ಳಬಹುದು. ಗೀಚು ಪೂರ್ತಿ ಮಾಯವಾದಾಗ ಮುಂದಿನ ಕಾಗದಕ್ಕೆ ಹೋಗಬಹುದು. ಪರೀಕ್ಷೆಗೆ ಮೇಲಿನ ದೀಪ ಸಾಲದು. ಕೋಣೆಯನ್ನು ಕತ್ತಲು ಮಾಡಿ, ಟಾರ್ಚನ್ನು ಮರದ ಮಟ್ಟದಲ್ಲೇ ಅಡ್ಡಲಾಗಿ ಹಿಡಿದರೆ ಒಂದೊಂದು ಗೀರೂ ನೆರಳು ಚೆಲ್ಲುತ್ತದೆ. ಬಾಡಿಯ ಎರಡು ಕೊಂಬುಗಳ ತುದಿ ಮತ್ತು ಕೆಳಗಿನ ಅಂಚಿನಲ್ಲಿ ಎಳೆಗಳ ತುದಿ ಹೊರಗೆ ತೆರೆದಿರುತ್ತದೆ. ಆ ಜಾಗ ಬಣ್ಣವನ್ನು ಬೇರೆ ಕಡೆಗಿಂತ ಹೆಚ್ಚು ಹೀರಿ ಕಪ್ಪಾಗುವುದರಿಂದ ಅಲ್ಲಿ ಮಾತ್ರ 320ರವರೆಗೆ ಉಜ್ಜಿ ಹೀರುವಿಕೆಯನ್ನು ತಗ್ಗಿಸಬೇಕು. ಉಳಿದೆಡೆ ಅಷ್ಟು ನಯ ಬೇಡ, ಅತಿಯಾಗಿ ನಯವಾದ ಮರ ಬಣ್ಣ ಹಿಡಿಯುವುದಿಲ್ಲ.

ತಗ್ಗುಗಳಲ್ಲಿ ಎರಡು ಬಗೆ. ಏಟು ಬಿದ್ದು ನಾರು ಒತ್ತಿಹೋಗಿದ್ದರೆ, ಒದ್ದೆ ಬಟ್ಟೆಯ ಚೂರನ್ನು ಮೇಲಿಟ್ಟು ಬಿಸಿ ಇಸ್ತ್ರಿಪೆಟ್ಟಿಗೆಯ ತುದಿಯಿಂದ ಕ್ಷಣಕಾಲ ಮುಟ್ಟಿದರೆ ಆವಿ ಒಳಹೋಗಿ ನಾರು ಉಬ್ಬಿ ಮೇಲೇಳುತ್ತದೆ. ನಾರು ಕತ್ತರಿಸಿಯೇ ಹೋಗಿದ್ದರೆ ಆವಿಯಿಂದ ಪ್ರಯೋಜನವಿಲ್ಲ, ಪುಟ್ಟಿಯೇ ಗತಿ. ಪುಟ್ಟಿ ಮರದಂತೆ ಬಣ್ಣ ಹೀರುವುದಿಲ್ಲವಾದ್ದರಿಂದ ಅಂಥ ಬಾಡಿಗೆ ಗಟ್ಟಿ ಬಣ್ಣ ಆರಿಸುವುದು ಜಾಣತನ.

ಕೊನೆಯದಾಗಿ, 220 ಮುಗಿದ ಮೇಲೆ ಇಡೀ ಬಾಡಿಯನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಡಬೇಕು. ಕೈಯಾಡಿಸಿದರೆ ಮೇಲ್ಮೈ ಎರಡು ದಿನ ಕ್ಷೌರ ಮಾಡದ ಗಲ್ಲದಂತೆ ಚುಚ್ಚುತ್ತದೆ: ನೀರು ಕುಡಿದ ನಾರಿನ ತುದಿಗಳು ಎದ್ದು ನಿಂತಿರುತ್ತವೆ. ಅವನ್ನು ಹೊಸ 320ರ ಕಾಗದದಿಂದ ಒತ್ತದೆ ಸವರಿ ತೆಗೆದರೆ, ಮುಂದೆ ನೀರಿನ ಬಣ್ಣ ಬಿದ್ದಾಗ ಮತ್ತೆ ಅಷ್ಟಾಗಿ ಏಳುವುದಿಲ್ಲ.

ಈ ಕೆಲಸದುದ್ದಕ್ಕೂ ಮೂಗಿಗೆ ಎನ್95 ಮಾಸ್ಕ್ ಇರಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಹುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇರಿಸಿದೆ.

ರಂಧ್ರ ತುಂಬುವುದು, ಬಣ್ಣ ಹಾಕುವುದು

ಆ್ಯಶ್ ಅಥವಾ ಮಹಾಗನಿಗೆ ಗ್ರೇನ್ ಫಿಲ್ಲರನ್ನು ಎಳೆಗೆ ಅಡ್ಡಲಾಗಿ, ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಒತ್ತಿ ತುಂಬಿ, ಹೆಚ್ಚಿನದನ್ನು ಗಟ್ಟಿಯಾಗುವ ಮೊದಲೇ ಹೆರೆದು ತೆಗೆಯಬೇಕು. ಒಣಗಿದ ಫಿಲ್ಲರ್ ತುಸು ಕುಗ್ಗುವುದರಿಂದ ಎರಡನೆಯ ಸಲವೂ ಬೇಕಾಗುತ್ತದೆ. ಮರದ ರಂಧ್ರಗಳ ಸ್ಪರ್ಶವೇ ಇಷ್ಟವೆನ್ನುವವರು ಈ ಹಂತವನ್ನು ಬಿಟ್ಟು ಎಣ್ಣೆಯ ಲೇಪನಕ್ಕೆ ಹೋಗಬಹುದು.

ಮರಕ್ಕೆ ಇಳಿಯುವ ಡೈ ನೀರಿನದೂ ಇದೆ, ಆಲ್ಕೋಹಾಲಿನದೂ ಇದೆ. ಆಲ್ಕೋಹಾಲಿನದು ಬೇಗ ಒಣಗುತ್ತದೆ, ನಾರನ್ನು ಎಬ್ಬಿಸುವುದಿಲ್ಲ. ಆದರೆ ಅದೇ ವೇಗದಿಂದಾಗಿ ಒಂದು ಎಳೆತ ಇನ್ನೊಂದರ ಮೇಲೆ ಬಿದ್ದಲ್ಲಿ ಪಟ್ಟೆ ಮೂಡುತ್ತದೆ. ಮೊದಲ ಸಲದವರಿಗೆ ನೀರಿನದೇ ಸಲೀಸು. ಪಿಕ್‌ಗಾರ್ಡಿನ (ಬಾಡಿಯ ಮುಖವನ್ನು ಗೀರಿನಿಂದ ಕಾಯುವ ಫಲಕ) ಅಡಿಗೆ ಹೋಗುವ ಜಾಗದಲ್ಲಿ ಮೊದಲು ಹಚ್ಚಿ ನೋಡಿ, ಅದರ ಮೇಲೆ ಆಯ್ದುಕೊಂಡ ಲೇಪನವನ್ನೂ ಒಂದು ಸುತ್ತು ಬಳಿದು ನೋಡಿದರೆ ನಿಜವಾದ ಬಣ್ಣ ತಿಳಿಯುತ್ತದೆ. ಒಣಗಿದ ಡೈ ಸುಣ್ಣದ ಗೋಡೆಯಷ್ಟು ಪೇಲವವಾಗಿ ಕಂಡರೂ ಲೇಪನ ಬಿದ್ದೊಡನೆ ಗಾಢವಾಗುತ್ತದೆ. ಬಾಸ್‌ವುಡ್ ಮತ್ತು ಪಾಪ್ಲರ್ ಅಲ್ಲಲ್ಲಿ ಹೆಚ್ಚು ಹೀರಿ ಮಚ್ಚೆ ಮಚ್ಚೆಯಾಗುವ ಸ್ವಭಾವದವು. ಮೇಣ ತೆಗೆದ ಅರಗಿನ ಪಾಲಿಶನ್ನು ಬಹಳ ತೆಳುವಾಗಿ ಮೊದಲು ಹಚ್ಚಿ ಹಗುರವಾಗಿ ಉಜ್ಜಿಕೊಂಡರೆ ಈ ತೊಂದರೆ ತಗ್ಗುತ್ತದೆ, ಆದರೂ ನನ್ನ ಅಭಿಪ್ರಾಯದಲ್ಲಿ ಈ ಎರಡು ಮರಗಳಿಗೆ ಒಪ್ಪುವುದು ಗಟ್ಟಿ ಬಣ್ಣವೇ.

ಅಲೆಯಲೆ ವಿನ್ಯಾಸದ ಮೇಪಲ್‌ಗೆ ಒಂದು ಸೊಗಸಾದ ಉಪಾಯವಿದೆ. ಮೊದಲು ಕಪ್ಪು ಡೈ ಬಳಿದು, ಒಣಗಿದ ಮೇಲೆ ಮತ್ತೆ ಉಜ್ಜಿದರೆ ಗಟ್ಟಿ ಪಟ್ಟೆಗಳಿಂದ ಕಪ್ಪು ಹೋಗಿ, ಹೆಚ್ಚು ಹೀರಿದ ಪಟ್ಟೆಗಳಲ್ಲಿ ಉಳಿಯುತ್ತದೆ. ಅದರ ಮೇಲೆ ಹಳದಿಯನ್ನೋ ನೀಲಿಯನ್ನೋ ಹಾಕಿದಾಗ ವಿನ್ಯಾಸ ಆಳವಾಗಿ ತೋರುತ್ತದೆ. ತೆಳು ವಿನೀರಿನ ಮೇಲೆ ಇದನ್ನು ಮಾಡುವುದಾದರೆ ಉಜ್ಜುವುದಕ್ಕೆ ಮಿತಿಯಿರಲಿ.

ಲೇಪನದ ಆಯ್ಕೆ

ನೈಟ್ರೋಸೆಲ್ಯುಲೋಸ್ ಲ್ಯಾಕರ್ 1920ರ ದಶಕದಲ್ಲಿ ಕಾರುಗಳ ಬಣ್ಣವಾಗಿ ಹರಡಿದ ವಸ್ತು, ಹಳೆಯ ಫೆಂಡರ್ ಗಿಟಾರುಗಳ ಹಲವು ವಿಶೇಷ ಬಣ್ಣಗಳೂ ಡ್ಯುಪಾಂಟ್ ಕಂಪನಿಯ ಕಾರು ಬಣ್ಣಗಳೇ. ಅದರ ಹೊಸ ಪದರ ಹಳೆಯ ಪದರವನ್ನು ಕರಗಿಸಿಕೊಂಡು ಒಂದಾಗುತ್ತದೆ, ಹಾಗಾಗಿ ದುರಸ್ತಿ ಸುಲಭ. ಆದರೆ ಅದರ ಆವಿ ಬೇಗ ಹೊತ್ತಿಕೊಳ್ಳುವಂಥದು, ಉಸಿರಿಗೂ ಕೆಟ್ಟದ್ದು. ಕಿಡಿ ಬೆಂಕಿಗಳಿಲ್ಲದ, ಗಾಳಿಯಾಡುವ ಜಾಗ ಮತ್ತು ಆವಿ ಹೀರುವ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಕಡ್ಡಾಯ. ಗಾಳಿಯಲ್ಲಿ ತೇವ ಹೆಚ್ಚಿರುವಾಗ ಸಿಂಪಡಿಸಿದರೆ ಲೇಪನದೊಳಗೆ ನೀರು ಸಿಕ್ಕಿಕೊಂಡು ಬಿಳಿ ಮಂಜು ಕವಿಯುತ್ತದೆ. ಗಟ್ಟಿಕಾರಕ ಬೆರೆಸುವ ಎರಡು ಭಾಗದ ಪಾಲಿಯುರೆಥೇನಿನಲ್ಲಿ ಉಸಿರಿಗೆ ಅಪಾಯಕಾರಿಯಾದ ಐಸೊಸಯನೇಟ್ ಇರುವುದರಿಂದ ಅದನ್ನು ಮನೆಯಲ್ಲಿ ಸಿಂಪಡಿಸಲೇಬಾರದು.

ಮೊದಲ ಗಿಟಾರಿಗೆ ನನ್ನ ಆಯ್ಕೆ ಬಟ್ಟೆಯಿಂದ ಒರೆಸಿ ಹಚ್ಚುವ ಪಾಲಿಯುರೆಥೇನ್ ವಾರ್ನಿಷ್, ಅಥವಾ ಬಂದೂಕಿನ ಮರದ ಹಿಡಿಗೆಂದು ತಯಾರಾಗಿ ಗಿಟಾರ್ ಕಟ್ಟುವವರಿಗೂ ಪ್ರಿಯವಾದ ಟ್ರೂ-ಆಯಿಲ್. ತೆಳು ಲೇಪನ ನಾದವನ್ನು ಅರಳಿಸುತ್ತದೆ ಎಂಬ ಮಾತು ಬಹಳ ಕೇಳಿಬರುತ್ತದೆ. ಪಿಕಪ್ ಗ್ರಹಿಸುವುದು ಉಕ್ಕಿನ ತಂತಿಯ ಕಂಪನವನ್ನಾದ್ದರಿಂದ, ಗಟ್ಟಿಮರದ ಬಾಡಿಯಲ್ಲಿ ಬಾಳಿಕೆ ಮತ್ತು ಸ್ಪರ್ಶ ನೋಡಿ ಆರಿಸುವುದೇ ಸರಿ.

ವಾರ್ನಿಷನ್ನು ಮಿನರಲ್ ಟರ್ಪೆಂಟೈನಿನಿಂದ ತೆಳುಮಾಡಿ, ನೂಲು ಬಿಡದ ಹತ್ತಿ ಬಟ್ಟೆಯ ಉಂಡೆಯಿಂದ ಎಳೆಯ ಉದ್ದಕ್ಕೆ ಹಚ್ಚಬೇಕು. ಒಮ್ಮೆ ಎಳೆದ ಜಾಗಕ್ಕೆ ಮತ್ತೆ ಮರಳದಿರುವುದು ಮುಖ್ಯ. ವಾರ್ನಿಷಿನ ಪದರಗಳು ಲ್ಯಾಕರಿನಂತೆ ಒಂದರೊಳಗೊಂದು ಕರಗುವುದಿಲ್ಲ. ಆದ್ದರಿಂದ ಹಿಂದಿನ ಪದರ ಪೂರ್ತಿ ಒಣಗಿದ ಮೇಲೆ 400ರ ಕಾಗದದಿಂದ ಸವರಿ ಮಂಕು ಮಾಡಿ, ಹುಡಿ ಒರೆಸಿಯೇ ಮುಂದಿನದನ್ನು ಹಚ್ಚಬೇಕು. ಆರರಿಂದ ಎಂಟು ಪದರಗಳಾದರೆ ಸಾಕಷ್ಟು ದಪ್ಪ ಬರುತ್ತದೆ. ನೆಕ್ ಕೂರುವ ಗುಳಿಗೆ ಮೊದಲೇ ಟೇಪ್ ಅಂಟಿಸಿರಬೇಕು, ಅಲ್ಲಿ ಪದರ ಕಟ್ಟಿದರೆ ನೆಕ್ ಬಿಗಿಯಾಗಿ ಸುತ್ತಲಿನ ಲೇಪನ ಸಿಡಿಯುತ್ತದೆ. ಆ ಗುಳಿಯ ತೂತುಗಳಿಗೇ ಒಂದು ಉದ್ದನೆಯ ಪಟ್ಟಿಯನ್ನು ಸ್ಕ್ರೂ ಮಾಡಿಕೊಂಡರೆ ಹಿಡಿಯಲೂ ನೇತುಹಾಕಲೂ ಹಿಡಿಕೆ ಸಿಗುತ್ತದೆ.

ಎಣ್ಣೆ ಅಥವಾ ವಾರ್ನಿಷ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬಾರದು. ಅಗಸೆ ಎಣ್ಣೆಯಂಥವು ಗಾಳಿಯ ಆಮ್ಲಜನಕ ಹೀರಿ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಆ ಶಾಖ ಕೂಡಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಒಂದೊಂದಾಗಿ ಹರಡಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಮುಚ್ಚಳದ ಲೋಹದ ಡಬ್ಬಿಯಲ್ಲಿ ಹಾಕಬೇಕು.

ನೆಕ್, ಹೊಳಪು ಮತ್ತು ಮರುಜೋಡಣೆ

ಮೇಪಲ್ ನೆಕ್ಕನ್ನು ಬರಿದಾಗಿ ಬಿಟ್ಟರೆ ಬೆವರು ಕೊಳೆ ಹೀರುವುದಲ್ಲದೆ ತೇವದ ಏರಿಳಿತಕ್ಕೆ ಬಾಗಲೂಬಹುದು. ತೆಳುವಾದ ಎರಡು ಮೂರು ಪದರ ಸಾಕು. ಒಣಗಿದ ಮೇಲೆ ಹಿಂಬದಿಯನ್ನು ಬೂದು ಬಣ್ಣದ ಸ್ಕಾಚ್-ಬ್ರೈಟ್‌ನಿಂದ ಉಜ್ಜಿ ಮಂದಗೊಳಿಸಿದರೆ ಹೆಬ್ಬೆರಳು ಅಂಟದೆ ಜಾರುತ್ತದೆ. ಉಕ್ಕಿನ ಉಣ್ಣೆಯನ್ನು (ಸ್ಟೀಲ್ ವುಲ್) ಪಿಕಪ್‌ಗಳ ಹತ್ತಿರ ಸುಳಿಯಗೊಡಬಾರದು, ಅದರ ಹುಡಿ ಅಯಸ್ಕಾಂತಕ್ಕೆ ಕಚ್ಚಿಕೊಂಡರೆ ಬಿಡಿಸುವುದು ಕಷ್ಟ. ರೋಸ್‌ವುಡ್ ಫ್ರೆಟ್‌ಬೋರ್ಡಿಗೆ ವಾರ್ನಿಷ್ ಬೇಡ, ಆ ಮರದ ಸಹಜ ಎಣ್ಣೆಯೇ ವಾರ್ನಿಷ್ ಒಣಗುವುದನ್ನು ತಡೆಯುತ್ತದೆ. ಟೇಪ್ ಹಾಕಿ ಮುಚ್ಚಿಟ್ಟು, ಕೊನೆಯಲ್ಲಿ ಒಂದೆರಡು ಹನಿ ಮಿನರಲ್ ಆಯಿಲ್ ಒರೆಸಿದರಾಯಿತು.

ಮುಟ್ಟಿದರೆ ಒಣಗಿದಂತಿರುವ ಲೇಪನ ಒಳಗೆ ಇನ್ನೂ ಮೆತ್ತಗಿರುತ್ತದೆ. ಲ್ಯಾಕರಿಗೆ ಮೂರು ನಾಲ್ಕು ವಾರ ಬಿಡಬೇಕು. ಮೂಗು ಹತ್ತಿರ ತಂದರೂ ಥಿನ್ನರ್ ವಾಸನೆ ಬಾರದಿದ್ದರೆ ಸಿದ್ಧವಾಗಿದೆ ಎಂದರ್ಥ. ಪೂರ್ಣ ಹೊಳಪು ಬೇಕೆನ್ನುವವರು 1000, 1500, 2000ರ ಕಾಗದಗಳನ್ನು ಸೋಪಿನ ನೀರಿನಲ್ಲಿ ಅದ್ದಿ ಉಜ್ಜಿ, ಬಳಿಕ ಕಾರಿನ ಪಾಲಿಶಿಂಗ್ ಕಾಂಪೌಂಡ್ ಬಳಸಬಹುದು. ಅಂಚುಗಳಲ್ಲಿ ಲೇಪನ ಸಹಜವಾಗಿಯೇ ತೆಳುವಾಗಿರುವುದರಿಂದ ಅಲ್ಲಿಗೆ ಕಾಗದ ತಾಗಿಸದಿರುವುದು ಲೇಸು. ವಾರ್ನಿಷಿನಲ್ಲಿ ಒಂದು ಪದರ ತೂತಾದರೆ ನಕ್ಷೆಯ ಎತ್ತರದ ಗೆರೆಗಳಂಥ ಉಂಗುರ ಕಾಣಿಸುತ್ತದೆ, ಅದನ್ನು ಹೋಗಲಾಡಿಸಲು ಮೇಲೆ ಇನ್ನೊಂದು ಪದರ ಹಚ್ಚಲೇಬೇಕು. ನೀರು ಸ್ಕ್ರೂ ತೂತುಗಳಿಗೆ ಇಳಿದರೆ ಮರ ಉಬ್ಬಿ ತೂತಿನ ಸುತ್ತ ಲೇಪನ ಬಿರಿಯುತ್ತದೆ, ಹಾಗಾಗಿ ಮೊದಲೇ ಅವುಗಳ ಬಾಯಿಗೆ ಮೇಣ ತುಂಬಬೇಕು.

ಮರುಜೋಡಣೆಯಲ್ಲಿ ಸ್ಕ್ರೂ ತಿರುಗಿಸುವ ಮುನ್ನ ಒಂದು ಕೆಲಸ ಬಾಕಿಯಿರುತ್ತದೆ. ತೂತಿನ ಬಾಯಲ್ಲಿ ಕೌಂಟರ್‌ಸಿಂಕ್ ಬಿಟ್ಟನ್ನು ಕೈಯಿಂದಲೇ ಒಂದೆರಡು ಸುತ್ತು ತಿರುಗಿಸಿ ಲೇಪನದ ಅಂಚನ್ನು ಓರೆಯಾಗಿ ತೆಗೆಯಬೇಕು, ಇಲ್ಲದಿದ್ದರೆ ಸ್ಕ್ರೂವಿನ ಸುರುಳಿ ಲೇಪನವನ್ನು ಎತ್ತಿ ಬಿರುಕು ಬಿಡಿಸುತ್ತದೆ. ಸ್ಕ್ರೂವಿನ ಸುರುಳಿಗೆ ಮೇಣದಬತ್ತಿ ಉಜ್ಜಿಕೊಂಡರೆ ಗಟ್ಟಿ ಮೇಪಲ್‌ನಲ್ಲಿಯೂ ಅದು ಮುರಿಯದೆ ಇಳಿಯುತ್ತದೆ. ಲ್ಯಾಕರ್ ಹಚ್ಚಿದ ಗಿಟಾರನ್ನು ರಬ್ಬರ್ ಅಥವಾ ಫೋಮ್ ಸುತ್ತಿದ ಸ್ಟ್ಯಾಂಡಿನ ಮೇಲೆ ನಿಲ್ಲಿಸುವುದಾದರೆ ನಡುವೆ ಹತ್ತಿ ಬಟ್ಟೆ ಹಾಕಬೇಕು, ಆ ವಸ್ತುಗಳಲ್ಲಿ ಕೆಲವು ಲ್ಯಾಕರನ್ನು ಮೆತ್ತಗೆ ಮಾಡಿ ಕಲೆ ಬಿಡುತ್ತವೆ.