ವಿಲ್ಲಿ ಮೇಸ್ ಮತ್ತು ನಮ್ಮ ನೆರೆಹೊರೆ: ಬೇ ಏರಿಯಾಕ್ಕೆ ಬರುವ ಕನ್ನಡಿಗರಿಗೆ

ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್, ಮಕ್ಕಳ ಲಸಿಕೆಯ ದಾಖಲೆ ಮುಂತಾದವನ್ನು ಯಾರಾದರೂ ಹೇಳಿಕೊಡುತ್ತಾರೆ. ಇಲ್ಲಿಯ ಹಿರಿಯರು ವಿಲ್ಲಿ ಮೇಸ್ ಎಂಬ ಬೇಸ್‌ಬಾಲ್ ಆಟಗಾರರನ್ನು ಎಷ್ಟು ಹಚ್ಚಿಕೊಂಡಿದ್ದರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. 2024ರ ಜೂನ್ 18ರಂದು, ತಮ್ಮ 93ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ, ಸ್ಯಾನ್ ಫ್ರಾನ್ಸಿಸ್ಕೋದ ಕ್ರೀಡಾಂಗಣದೆದುರು ಇರುವ ಅವರ ಕಂಚಿನ ಪ್ರತಿಮೆಯ ಬುಡದಲ್ಲಿ ಜನ ಹೂವಿಟ್ಟು ಹೋದರು.

ಇಂಥ ಹೊತ್ತಿನಲ್ಲಿ ನಮ್ಮವರ ಬಾಯಿಗೆ ಮೊದಲು ಬರುವುದು ಕ್ರಿಕೆಟ್. 1954ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಅಮೆರಿಕದ ಬೇಸ್‌ಬಾಲ್‌ನ ವಾರ್ಷಿಕ ಫೈನಲ್ ಸರಣಿಯಲ್ಲಿ, ಮೇಸ್ ಬ್ಯಾಟುಗಾರನಿಗೆ ಬೆನ್ನು ತಿರುಗಿಸಿ ಓಡುತ್ತಲೇ, ತಲೆಯ ಮೇಲಿಂದ ಇಳಿದ ಚೆಂಡನ್ನು ಹಿಡಿದು, ಗಿರಕಿ ಹೊಡೆದು ಎಸೆದದ್ದನ್ನು ನೋಡಿದರೆ, 1983ರಲ್ಲಿ ಕಪಿಲ್ ದೇವ್ ರಿಚರ್ಡ್ಸ್‌ರ ಕ್ಯಾಚ್ ಹಿಡಿದದ್ದು ನೆನಪಾಗುವುದು ಸಹಜವೇ. ಆದರೆ ಸಾವಿನ ಮನೆಯಲ್ಲಿ ನಮ್ಮ ಕಥೆ ಬಿಚ್ಚಬಾರದೆಂಬ ಊರಿನ ರೂಢಿ ವಿಮಾನ ಹತ್ತಿದೊಡನೆ ಮರೆತುಹೋಗಬೇಕೇ?

ಮನೆ ಕೊಳ್ಳಲು ಹೊರಟವರು ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. ಮೇಸ್ ಆಡುತ್ತಿದ್ದ ಜೈಂಟ್ಸ್ ತಂಡ ನ್ಯೂಯಾರ್ಕ್ ಬಿಟ್ಟು ಇಲ್ಲಿಗೆ ಬರುವ ಹೊತ್ತಿಗೆ, 1957ರಲ್ಲಿ, ಅವರು ಇಲ್ಲೊಂದು ಮನೆ ಕೊಳ್ಳಲು ಹೋದರು. ಅವರು ಕರಿಯರೆಂಬ ಒಂದೇ ಕಾರಣಕ್ಕೆ ನೆರೆಯವರು ಅಡ್ಡಿಪಡಿಸಿದರು. ವಿಷಯ ಪತ್ರಿಕೆಗೆ ಬಂದು, ಮೇಯರ್ ಮಧ್ಯೆ ಬಂದ ಮೇಲೆಯೇ ಮಾರಾಟ ನಡೆಯಿತು. ಇಂದು ನಾವು ಅಂಥದೇ ಬೀದಿಗಳಲ್ಲಿ ಗೃಹಪ್ರವೇಶ ಮಾಡಿ ಬಾಗಿಲಿಗೆ ತೋರಣ ಕಟ್ಟುತ್ತೇವೆ, ಆ ಬಾಗಿಲು ತೆರೆಯಲು ಯಾರು ಅವಮಾನ ಉಂಡರೆಂದು ವಿಚಾರಿಸುವುದಿಲ್ಲ.

2021ರಲ್ಲಿ ಅಪ್ಪು ಹೋದಾಗ ನಾವು ದೊಡ್ಡವರು ಟೀವಿಯ ಮುಂದಿಂದ ಏಳಲಿಲ್ಲ, ಇಲ್ಲಿ ಹುಟ್ಟಿದ ಮಕ್ಕಳಿಗೆ ಅದೇಕೆಂದು ತಿಳಿಯಲಿಲ್ಲ. ಅದೇ ಮಕ್ಕಳು ಮೇಸ್‌ರಂತೆ ಗ್ಲೌಸನ್ನು ಸೊಂಟದ ಮಟ್ಟಕ್ಕೆ ಹಿಡಿದು, ಅಂಗೈ ಮೇಲೆ ಮಾಡಿ ಚೆಂಡು ಹಿಡಿಯಲು ಹೋಗಿ ಕೋಚ್‌ನಿಂದ ಬೈಸಿಕೊಳ್ಳುತ್ತಾರೆ. ಅವರ ಹೀರೋಗಳು ಬೇರೆಯಾದರೆಂಬ ಸಂಕಟ ನನಗಿನ್ನೂ ಪೂರ್ತಿ ಹೋಗಿಲ್ಲ.

ಪ್ರತಿಮೆ ನೋಡಲು ಟಿಕೆಟ್ ಬೇಡ. ಕ್ಯಾಲ್‌ಟ್ರೈನ್ ಇಳಿದು ನಡೆದೇ ಹೋಗಬಹುದು, ಜುಲೈನಲ್ಲೂ ಸ್ವೆಟರ್ ಇರಲಿ. ಸುತ್ತಲಿರುವ ತಾಳೆಮರಗಳು 24, ಅದು ಅವರ ಅಂಗಿಯ ಸಂಖ್ಯೆ. ಪಕ್ಕದ ಮನೆಯ ಅಜ್ಜನನ್ನೂ ಕರೆದುಕೊಂಡು ಹೋಗಿ, ಮೇಸ್‌ರ ಆಟವನ್ನು ಎಲ್ಲಿ ಕುಳಿತು ನೋಡಿದಿರೆಂದು ಕೇಳಿ. ಆದರೆ ಮಧ್ಯಾಹ್ನಕ್ಕೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.